ಗೇಣಗಲ ನೆರಳು

ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರಿಗೆ ಒಂದು ಚಟವಿತ್ತು. ಪ್ರತಿ ಸೋಮವಾರ ತರಗತಿಗೆ ಬಂದವರು ಹಾಜರಿ ಕೂಗುವುದಕ್ಕೂ ಮೊದಲು ಹಲಗೆಯ ಮೇಲೆ ಒಂದೇ ಒಂದು ಪದ ಬರೆಯುತ್ತಿದ್ದರು. ಉಪ್ಪು. ಬಾಗಿಲು. ದಾರಿ. ಕೈ. ಇಂಥವೇ, ದಿನಾ ಬಾಯಲ್ಲಿ ಆಡುವ ಪದಗಳು. ಬರೆದು, ಕೈಗೆ ಮೆತ್ತಿದ ಸೀಮೆಸುಣ್ಣ ಒರೆಸಿಕೊಂಡು, 'ಇದರ ಅರ್ಥ ನಿಘಂಟಲ್ಲಿ ಹುಡುಕಿದವರಿಗೆ ಏಟು ಬೀಳ್ತವೆ. ಮನೇಲಿ ಕೇಳಿ, ಗದ್ದೇಲಿ ಕೇಳಿ, ಪುಸ್ತಕದಲ್ಲಿ ಕೇಳಿ. ಶನಿವಾರ ತಂದು ಒಪ್ಪಿಸಿ' ಅನ್ನುತ್ತಿದ್ದರು. ಏಟು ಬಿದ್ದದ್ದನ್ನು ನಾನಂತೂ ನೋಡಿಲ್ಲ. ನಿಘಂಟು ನಮ್ಮಲ್ಲಿ ಯಾರ ಮನೆಯಲ್ಲೂ ಇರಲಿಲ್ಲ.

ಅವರು ಹನಕೆರೆಯವರು. ರೈಲಿನಲ್ಲಿ ಮದ್ದೂರಿಗೆ ಬಂದು, ಸ್ಟೇಷನ್ನಿನ ಹತ್ತಿರ ಬಿಟ್ಟಿರುತ್ತಿದ್ದ ಸೈಕಲ್ ಹತ್ತಿ ನಮ್ಮ ಶಾಲೆಗೆ ಬರುತ್ತಿದ್ದರು. ರೈಲು ತಡವಾದ ದಿನ ಬೆವರಲ್ಲಿ ತೊಯ್ದು ಬಂದು, ನೀರು ಸಹ ಕುಡಿಯದೆ ಮೊದಲು ಪದ ಬರೆಯುತ್ತಿದ್ದರು. ಸರ್ಕಾರ ಕೊಟ್ಟ ಪಾಠ ಮುಗಿಸುವುದೇ ಹೆಚ್ಚು ಎಂದು ಬೇರೆ ಮೇಷ್ಟ್ರುಗಳೆಲ್ಲ ನಗುತ್ತಿದ್ದರು. ನಗಲಿ. ನಾನು ಇಂದು ಮಳವಳ್ಳಿಯ ಕಾಲೇಜೊಂದರಲ್ಲಿ ಕನ್ನಡ ಹೇಳಿ ಅನ್ನ ತಿನ್ನುತ್ತಿದ್ದರೆ ಅದು ಆ ಸೋಮವಾರಗಳ ದೆಸೆಯಿಂದ. ಇಂಥ ಮನುಷ್ಯ ನನಗೆ ಸಿಕ್ಕಿದರಲ್ಲ ಎಂದು ನೆನೆದರೆ ಈಗಲೂ ಎದೆ ತುಂಬುತ್ತದೆ.

ನಾನು ಎಂಟನೇ ತರಗತಿಯಲ್ಲಿದ್ದಾಗ ಒಂದು ಸೋಮವಾರ ಅವರು ಬರೆದ ಪದ 'ನೆರಳು'.

ಇಷ್ಟು ಸುಲಭದ ಪದ ಕೊಟ್ಟರಲ್ಲ ಎಂದು ನಾವು ಖುಷಿಪಟ್ಟೆವು. ಶನಿವಾರ ನೋಡಿದರೆ ಒಬ್ಬೊಬ್ಬರು ತಂದದ್ದು ಒಂದೊಂದು ಥರ. ಕಬ್ಬಿನ ಗದ್ದೆಯವರ ಮನೆಯ ಹುಡುಗನೊಬ್ಬ ಎದ್ದು, ನೆರಳು ಅಂದರೆ ಶತ್ರು ಅಂದ. ಪಕ್ಕದ ಹೊಲದವರು ಬದುವಿನ ಮೇಲೆ ಸಾಲಾಗಿ ತೆಂಗು ಹಾಕಿದ್ದಾರೆ, ಅದರ ನೆರಳು ಬಿದ್ದ ಕಡೆ ಕಬ್ಬು ಬೆರಳಿಗಿಂತ ದಪ್ಪ ಆಗುವುದಿಲ್ಲ, ಅದಕ್ಕೇ ಎರಡು ಮನೆಯವರಿಗೂ ಮಾತಿಲ್ಲ ಎಂದ. ರೇಷ್ಮೆ ಸಾಕುವವರ ಮನೆಯ ಹುಡುಗಿಗೆ ನೆರಳೇ ದೇವರು. ಹುಳು ಬಿಸಿ ತಾಳುವುದಿಲ್ಲ, ಬೇಸಿಗೆಯಲ್ಲಿ ಕಿಟಕಿಗೆಲ್ಲ ಹಸಿ ಗೋಣಿ ಕಟ್ಟಿ ತಾವು ಹೊರಗೆ ಮಲಗುತ್ತೇವೆ ಎಂದಳು. ಇನ್ನೊಬ್ಬಳ ಅಜ್ಜಿಗೆ ನೆರಳೇ ಗಡಿಯಾರ. ತನ್ನ ನೆರಳನ್ನು ತನ್ನ ಪಾದದಿಂದಲೇ ಅಳೆದು, ಇಷ್ಟು ಹೆಜ್ಜೆ ಬಂದರೆ ಊಟದ ಹೊತ್ತು, ಇಷ್ಟು ಬಂದರೆ ಕೆಲಸ ಬಿಡುವ ಹೊತ್ತು ಎಂದು ಹೇಳುತ್ತಿದ್ದಳಂತೆ. ಕೈಗೆ ವಾಚು ಕಟ್ಟಿದ ಗದ್ದೆ ಯಜಮಾನನಿಗಿಂತ ಅಜ್ಜಿಯ ಪಾದವೇ ಸರಿಯಾಗಿ ಹೇಳುತ್ತಿತ್ತಂತೆ.

ಎಲ್ಲರದೂ ಕೇಳಿದ ಮೇಲೆ ಮೇಷ್ಟ್ರು ತಮ್ಮದನ್ನು ತೆಗೆದರು. ಆ ದಿನ ಅವರು ಮಾತಾಡಿದ್ದು ನನಗೆ ಹೆಚ್ಚುಕಡಿಮೆ ಬಾಯಿಪಾಠ. ಹಳೆಯ ಕಾವ್ಯಗಳಲ್ಲಿ ನೆರಳು ರಾಜನ ಬಿಳಿ ಕೊಡೆಯಿಂದ ಬೀಳುತ್ತದೆ, ನಾಡಿಗೆ ನಾಡೇ ಅದರ ಕೆಳಗೆ ತಣ್ಣಗಿರುತ್ತದೆ ಎಂದರು. ಅನುಭಾವಿಗಳ ಕೈಗೆ ಬಂದರೆ ಅದೇ ನೆರಳು ಸುಳ್ಳಾಗುತ್ತದೆ. ಹಿಡಿಯಲು ಹೋದರೆ ಮುಂದೆ ಓಡುತ್ತದೆ, ಬಿಟ್ಟು ನಡೆದರೆ ಹಿಂದೆ ಬರುತ್ತದೆ, ನೀವು ನಂಬಿಕೊಂಡಿರುವ ಸಂಸಾರ ಇಷ್ಟೇ ಎನ್ನುತ್ತಾರೆ. ಬೀಸುವ ಕಲ್ಲಿನ ಮುಂದೆ ಕೂತು ಹಾಡುವ ಹೆಣ್ಣಿಗೆ ನೆರಳು ಅಂದರೆ ತವರು, ಮಿಕ್ಕದ್ದೆಲ್ಲ ಬಿಸಿಲು. ಹೊಸ ಕಾಲದ ಕವಿಯೋ ತನ್ನ ನೆರಳೇ ಗುರುತು ಸಿಗದೆ, ದೀಪದ ಕಂಬದ ಕೆಳಗೆ ನಿಂತು ಇದು ಯಾರು ಎಂದು ಕೇಳುತ್ತಾನೆ. ಹೇಳುತ್ತ ಹೇಳುತ್ತ ಮೇಷ್ಟ್ರಿಗೆ ಆವೇಶ ಬಂದು, ಅಂಗಿಯ ತೋಳಿನಿಂದಲೇ ಹಲಗೆ ಒರೆಸುತ್ತಿದ್ದರು. 'ಪದ ಒಂದೇ ಕಣ್ರೋ. ಹೇಳೋನು ಎಲ್ಲಿ ನಿಂತು ಹೇಳ್ತಾನೆ ನೋಡಿ. ಸಾಹಿತ್ಯ ಅಂದ್ರೆ ಅಷ್ಟೇ' ಅಂದರು.

ಆಮೇಲೆ ಇದ್ದಕ್ಕಿದ್ದಂತೆ ಒಂದು ಪ್ರಶ್ನೆ ಕೇಳಿದರು. 'ಆ ರಾಜನ ಕೊಡೆ ತಾನಾಗೇ ನಿಂತಿರಲ್ಲ. ಹಿಡ್ಕೊಂಡವನು ಒಬ್ಬ ಇದ್ನಲ್ಲ, ಅವನೆಲ್ಲಿ ನಿಂತಿದ್ದ?'

ಬಿಸಿಲಲ್ಲಿ ಸಾರ್ ಎಂದು ಇಡೀ ತರಗತಿ ಕೂಗಿತು. ಅವನ ಬಗ್ಗೆ ಯಾರೂ ಬರೀಲಿಲ್ಲ ಎಂದು ಹೇಳಿ ಮೇಷ್ಟ್ರು ಕೂತುಕೊಂಡರು.

ನಾನು ತಂದಿದ್ದನ್ನು ಓದುವ ಸರದಿ ಕೊನೆಗೆ ಬಂತು. ಆ ನೋಟ್‌ಬುಕ್ ಇನ್ನೂ ನನ್ನ ಬೀರುವಿನಲ್ಲಿದೆ. ನಾನು ಬರೆದಿದ್ದು ಹೀಗೆ: 'ನಾನು ಚಿಕ್ಕವಳಿದ್ದಾಗ ನಮ್ಮವ್ವ ನನ್ನನ್ನು ಸ್ಕೂಲಿಗೆ ಬಿಡಲು ಬರುತ್ತಿದ್ದಳು. ಬೆಳಿಗ್ಗೆ ಬೀದಿಯ ಒಂದು ಮಗ್ಗುಲು, ಸಾಯಂಕಾಲ ಇನ್ನೊಂದು ಮಗ್ಗುಲು, ನೆರಳು ಎಲ್ಲಿದೆಯೋ ಅಲ್ಲೇ ನಡೆಸುತ್ತಿದ್ದಳು. ನನ್ನನ್ನು ಬಿಸಿಲಿಗೆ ಬಿಟ್ಟವಳೇ ಅಲ್ಲ. ಆದ್ದರಿಂದ ನೆರಳು ಎಂದರೆ ನನಗೆ ನಮ್ಮವ್ವ.'

ಹುಡುಗಿಯರು ಚಪ್ಪಾಳೆ ತಟ್ಟಿದರು. ಮೇಷ್ಟ್ರು ತಟ್ಟಲಿಲ್ಲ. ನೋಟ್‌ಬುಕ್ಕನ್ನು ಕೈಗೆ ತೆಗೆದುಕೊಂಡು ಅದನ್ನೇ ಇನ್ನೊಂದು ಸಲ, ಬಾಯೊಳಗೇ ಓದಿಕೊಂಡರು. 'ಯಾವ ಬೀದಿಯಮ್ಮ?' ಎಂದು ಕೇಳಿದರು. ನಮ್ಮೂರ ಮೇಲಿನ ಬೀದಿ ಸಾರ್ ಎಂದೆ. ಕೆಂಪು ಇಂಕಿನಲ್ಲಿ ಒಂದು ಗೆರೆ ಎಳೆದು, ಅಂಕ ಹಾಕದೆ ವಾಪಸು ಕೊಟ್ಟರು. 'ಇದನ್ನ ಕಳೀಬೇಡ. ದೊಡ್ಡೋಳಾದ ಮೇಲೆ ಇನ್ನೊಂದ್ಸಲ ಓದು' ಅಂದರು. ಕಬ್ಬಿನ ಹುಡುಗನಿಗೆ ಹತ್ತಕ್ಕೆ ಒಂಬತ್ತು ಕೊಟ್ಟು ನನಗೆ ಏನೂ ಕೊಡಲಿಲ್ಲವಲ್ಲ ಎಂದು ನಾನು ಒಂದು ವಾರ ಮುನಿಸಿಕೊಂಡಿದ್ದೆ.

ಆ ಬೀದಿಯ ವಿಷಯ ಹೇಳಿಬಿಡುತ್ತೇನೆ. ಮದ್ದೂರು ತಾಲ್ಲೂಕಿನ ನಮ್ಮೂರಿನ ಹೆಸರು ಇಲ್ಲಿ ಬೇಡ, ಆ ಸೀಮೆಯ ಎಷ್ಟೋ ಊರುಗಳು ಹೀಗೇ ಇದ್ದವು. ನಮ್ಮ ಕೇರಿ ಊರ ದಕ್ಷಿಣಕ್ಕೆ, ಶಾಲೆ ಉತ್ತರಕ್ಕೆ, ನಡುವೆ ಮೇಲಿನ ಬೀದಿ. ಬೀದಿಯ ಎರಡು ಕಡೆಗೂ ಗದ್ದೆ, ತೋಟ ಇದ್ದವರ ಹೆಂಚಿನ ಮನೆಗಳು, ಮನೆ ಮುಂದೆ ಉದ್ದುದ್ದ ಜಗುಲಿಗಳು. ನಾವು ಬೀದಿಯ ಬಾಯಿಗೆ ಬಂದ ತಕ್ಷಣ ಅವ್ವ ಚಪ್ಪಲಿ ಕಳಚಿ ಕೈಗೆ ತೆಗೆದುಕೊಳ್ಳುತ್ತಿದ್ದಳು. ನನಗೆ ಚಪ್ಪಲಿಯೇ ಇರಲಿಲ್ಲ. ಬೆಳಿಗ್ಗೆಯಾದರೆ ಮೂಡಲ ಸಾಲಿನ ಮನೆಗಳ ಗೋಡೆ ಒತ್ತಿಕೊಂಡು, ಸಂಜೆಯಾದರೆ ಪಡುವಲ ಸಾಲಿನ ಗೋಡೆ ಒತ್ತಿಕೊಂಡು ನಡೆಯುತ್ತಿದ್ದೆವು. ನಾನು ಕುಣಿಯುತ್ತ ಬೀದಿಯ ನಡುವಿಗೆ ಹೋದರೆ ರಟ್ಟೆ ಹಿಡಿದು ಎಳೆದುಕೊಳ್ಳುತ್ತಿದ್ದಳು. ಶನಿವಾರ ಬೆಳಗಿನ ಶಾಲೆ. ಅದು ಬಿಡುವ ಹೊತ್ತಿಗೆ ನೆತ್ತಿಯ ಮೇಲೆ ಬಿಸಿಲು. ಅವ್ವ ಗದ್ದೆಯಲ್ಲಿ ಮೇಸ್ತ್ರಿಯನ್ನು ಕೇಳಿಕೊಂಡು ಕೆಸರುಗಾಲಲ್ಲೇ ಓಡಿ ಬಂದು, ನನ್ನನ್ನು ಮನೆ ಮುಟ್ಟಿಸಿ ಮತ್ತೆ ಓಡುತ್ತಿದ್ದಳು. ಇದಿಷ್ಟೇ ನನ್ನ ನೆನಪು. ಇಡೀ ಬಾಲ್ಯದಲ್ಲಿ ನನಗೆ ಇದಕ್ಕಿಂತ ಇಷ್ಟವಾದ ನೆನಪು ಇನ್ನೊಂದಿರಲಿಲ್ಲ.

ಆ ನೆನಪಿನ ಮೇಲೆ ನಾನು ಬೇಕಾದಷ್ಟು ಮೆರೆದಿದ್ದೇನೆ. ಪಿಯುಸಿಯಲ್ಲಿ ಮಂಡ್ಯಕ್ಕೆ ಹೋಗಿ ಭಾಷಣ ಸ್ಪರ್ಧೆಯಲ್ಲಿ ಅದನ್ನು ಹೇಳಿ ಸ್ಟೀಲಿನ ಡಬ್ಬಿ ಗೆದ್ದೆ. ಹಾಸ್ಟೆಲಿನಲ್ಲಿ ಗೆಳತಿಯರಿಗೆ ಹೇಳಿ ಅಳಿಸಿದೆ. ಅವ್ವ ಆ ಡಬ್ಬಿಯಲ್ಲಿ ಹುರುಳಿಕಾಳು ಹಾಕಿಟ್ಟುಕೊಂಡಿದ್ದಳು. ಏನು ಮಾತಾಡಿ ಗೆದ್ದೆ ಎಂದು ಅವಳು ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ.

ಮೈಸೂರಿನಲ್ಲಿ ಎಂ.ಎ. ಓದುವಾಗ ಒಂದು ಮಧ್ಯಾಹ್ನ ಲೈಬ್ರರಿಯಲ್ಲಿ ಕೂತು ಯಾರದೋ ಆತ್ಮಕಥೆ ಓದುತ್ತಿದ್ದೆ. ನಮ್ಮಂಥವರೇ ಬರೆದದ್ದು. ಊಟಕ್ಕೋ ಪೂಜೆಗೋ ಕೂತವರ ಮೇಲೆ ತಮ್ಮ ನೆರಳು ಬಿದ್ದರೆ ಮೈಲಿಗೆ ಎಂದು ಹಿರಿಯರು ಹೇಗೆ ಮೈ ಹಿಡಿ ಮಾಡಿಕೊಂಡು ಓಡಾಡುತ್ತಿದ್ದರು ಎಂಬುದು ಅಲ್ಲಿತ್ತು. ಓದುತ್ತಾ ನನ್ನ ಕೈ ಹಾಳೆಯ ಮೇಲೆಯೇ ನಿಂತುಬಿಟ್ಟಿತು. ಪೆನ್ನು ತೆಗೆದು ರಫ್ ಪುಸ್ತಕದಲ್ಲಿ ಎರಡು ಗೆರೆ ಎಳೆದು ನಮ್ಮೂರ ಮೇಲಿನ ಬೀದಿ ಬರೆದೆ. ಬೆಳಿಗ್ಗೆ ಸೂರ್ಯ ಮೂಡಲಲ್ಲಿ. ಎಳೆಬಿಸಿಲು ಕಾಯಿಸಿಕೊಳ್ಳುತ್ತ, ತಿಂಡಿ ತಿನ್ನುತ್ತ ದೊಡ್ಡವರು ಕೂರುವುದು ಪಡುವಲ ಜಗುಲಿಯ ಮೇಲೆ. ಬೀದಿಯ ನಡುವೆ ನಡೆದರೆ ನಮ್ಮ ನೆರಳು ಸೀದಾ ಅವರ ತಟ್ಟೆಯ ಮೇಲೆ. ಮೂಡಲ ಗೋಡೆ ಒತ್ತಿ ನಡೆದರೆ ಮನೆಗಳ ನೆರಳೊಳಗೆ ನಮ್ಮ ನೆರಳು ಅಡಗಿ, ಕಾಣಿಸುವುದೇ ಇಲ್ಲ. ಸಂಜೆ ಅದೇ ಲೆಕ್ಕ ತಿರುಗಿಸಿ.

ಅಂದರೆ ಅವ್ವ ನನಗೆ ನೆರಳು ಹುಡುಕುತ್ತಿರಲಿಲ್ಲ. ನಮ್ಮ ನೆರಳನ್ನು ಬಚ್ಚಿಡುತ್ತಿದ್ದಳು.

ಆ ಹೊತ್ತು ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಈಗಲೂ ಬಿಡಿಸಿ ಹೇಳಲಾರೆ. ಜಗುಲಿಯ ಮೇಲಿದ್ದವರ ಮೇಲೆ ಸರಿಯೇ. ಅವ್ವನ ಮೇಲೂ ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ಆ ಸ್ಟೀಲಿನ ಡಬ್ಬಿ ಗೆದ್ದು ಬೀಗಿದ ನನ್ನ ಮೇಲೆ ಬಂತು. ನನ್ನ ಬಾಲ್ಯದ ಒಂದೇ ಒಂದು ತಂಪಾದ ನೆನಪು ಬರೀ ಹೆದರಿಕೆಯಾಗಿದ್ದರೆ ನನಗೆ ಉಳಿಯುವುದೇನು? ಊರಿಗೆ ಹೋಗುವ ಬದಲು ಸೀದಾ ಹನಕೆರೆಯಲ್ಲಿ ರೈಲು ಇಳಿದೆ. ಮೇಷ್ಟ್ರು ಆಗ ತಾನೇ ನಿವೃತ್ತರಾಗಿ ಹಿತ್ತಲಲ್ಲಿ ಬದನೆ ಗಿಡಕ್ಕೆ ನೀರು ಬಿಡುತ್ತಿದ್ದರು. ನಮಸ್ಕಾರ ಸಹ ಹೇಳದೆ, 'ನಿಮಗೆ ಗೊತ್ತಿತ್ತು ಅಲ್ವಾ ಮೇಷ್ಟ್ರೆ? ಅವತ್ತೇ ಗೊತ್ತಿತ್ತು' ಎಂದೆ.

ಯಾವುದರ ಬಗ್ಗೆ ಎಂದು ಅವರು ಕೇಳಲಿಲ್ಲ. ಪೈಪು ಕೆಳಗಿಟ್ಟು, ಪಂಚೆಗೆ ಕೈ ಒರೆಸಿಕೊಂಡರು.

'ಗೊತ್ತಿತ್ತು ಕಣಮ್ಮ. ನಾನೂ ಅಂಥಾ ಜಗುಲಿ ಮೇಲೆ ಬೆಳೆದೋನೇ. ನಮ್ಮಪ್ಪ ಗದರೋದನ್ನ ಕಿವಿಯಾರೆ ಕೇಳಿದ್ದೀನಿ.'

'ಮತ್ಯಾಕೆ ಹೇಳ್ಲಿಲ್ಲ?'

'ಏನಂತ ಹೇಳ್ಲಿ? ನೀನು ಬರೆದಿದ್ದು ಸುಳ್ಳು ಅಂತಲಾ? ಅದು ಸುಳ್ಳು ಅಂತ ಹೇಳೋಕೆ ನಾನ್ಯಾರು?' ಎಂದರು. ಮತ್ತೆ ಪೈಪು ಎತ್ತಿಕೊಂಡು, 'ನನ್ನ ಹತ್ರ ಯಾಕೆ ಬಂದೆ? ನಡೆಸಿದೋಳು ಮನೇಲಿದ್ದಾಳೆ. ಅವಳನ್ನ ಕೇಳು' ಅಂದರು.

ಬದನೆಕಾಯಿ ಕಿತ್ತು ಚೀಲ ತುಂಬಿಸಿ ಕಳಿಸಿದರು. ತಮ್ಮವರ ತಪ್ಪನ್ನು ಮುಚ್ಚದೆ, ನನ್ನ ಮುಂದೆ ದೊಡ್ಡತನವನ್ನೂ ತೋರಿಸದೆ, ನಾಲ್ಕು ಮಾತಲ್ಲಿ ನನ್ನನ್ನು ಸರಿಯಾದ ಬಾಗಿಲಿಗೆ ಕಳಿಸಿದ ಆ ಮನುಷ್ಯನ ಮೇಲಿನ ಗೌರವ ಅವತ್ತು ಇಮ್ಮಡಿಯಾಯಿತು. ಆದರೆ ಅವ್ವನನ್ನು ನಾನು ಕೇಳಲಿಲ್ಲ. ಕೇಳಿದರೆ ಅವಳು ಸುಳ್ಳು ಹೇಳುವವಳಲ್ಲ. ಹೆದರಿಕೆಗೇ ಕಣ್ ಮಗ ಎಂದುಬಿಟ್ಟರೆ? ಆ ಒಂದು ಮಾತಿಗೆ ಹೆದರಿ ವರ್ಷಗಟ್ಟಲೆ ಸುಮ್ಮನಿದ್ದೆ. ಕೆಲಸ ಸಿಕ್ಕಿತು, ಮದ್ದೂರಿನಲ್ಲಿ ಮನೆ ಮಾಡಿದೆ, ಅವ್ವ ಬಂದು ನನ್ನ ಜೊತೆಗೇ ಇದ್ದಾಳೆ. ದಿನಾ ಒಟ್ಟಿಗೆ ಉಣ್ಣುತ್ತೇವೆ, ದಿನಾ ಜಗಳವಾಡುತ್ತೇವೆ. ಇದೊಂದನ್ನು ಬಿಟ್ಟು ಎಲ್ಲಾ ಮಾತಾಡುತ್ತೇವೆ.

ಈ ವರ್ಷ ಬಿ.ಎ. ಎರಡನೇ ವರ್ಷದವರಿಗೆ ಹಲಗೆಯ ಮೇಲೆ 'ನೆರಳು' ಬರೆದೆ. ಮೇಷ್ಟ್ರ ಚಟ ನನಗೂ ಹತ್ತಿದೆ. ಉಳಿದ ಪದಗಳನ್ನೆಲ್ಲ ಎಷ್ಟೋ ಸಲ ಕೊಟ್ಟಿದ್ದೇನೆ, ಇದನ್ನು ಮಾತ್ರ ಇಷ್ಟು ವರ್ಷ ಮುಟ್ಟಿರಲಿಲ್ಲ. ಯಾಕೆ ಬರೆದೆನೋ, ಕೈ ಬರೆಯಿತು. ಹುಡುಗರು ಫೋನಿನಲ್ಲಿ ಹುಡುಕಿ ತರುತ್ತಾರೆ ಎಂದುಕೊಂಡಿದ್ದೆ. ಇಲ್ಲ, ಚೆನ್ನಾಗಿ ತಂದರು. ನಿಡಘಟ್ಟದ ಕಡೆಯ ಹುಡುಗನೊಬ್ಬ ತನ್ನಪ್ಪ ರಸ್ತೆ ಬದಿ ಎಳನೀರು ಮಾರುತ್ತಿದ್ದ ಮರ ರಸ್ತೆ ಅಗಲ ಮಾಡುವಾಗ ಹೋಯಿತೆಂದೂ, ಈಗ ಅವರಪ್ಪ ದೊಡ್ಡ ಛತ್ರಿಯೊಂದನ್ನು ದಿನಾ ಬೈಕಿಗೆ ಕಟ್ಟಿಕೊಂಡು ಹೋಗುತ್ತಾನೆಂದೂ ಬರೆದಿದ್ದ. 'ಮೊದಲು ನಾವು ನೆರಳಿಗೆ ಹೋಗುತ್ತಿದ್ದೆವು, ಈಗ ನೆರಳನ್ನು ಹೊತ್ತುಕೊಂಡು ಹೋಗುತ್ತೇವೆ' ಎಂದು ಮುಗಿಸಿದ್ದ. ಓದಿ ನನಗೆ ಹೊಟ್ಟೆಕಿಚ್ಚೇ ಆಯಿತು.

ಒಬ್ಬ ಹುಡುಗಿಯ ಹಾಳೆಯನ್ನು ಮಾತ್ರ ಎರಡು ಸಲ ಓದಿದೆ. ಅವಳು ನಮ್ಮೂರಿನವಳು, ಮೇಲಿನ ಬೀದಿಯವಳು. ಅದು ನನಗೆ ಗೊತ್ತಿತ್ತು, ನಾನು ಯಾರೆಂದು ಅವಳಿಗೂ ಗೊತ್ತು. 'ನಮ್ಮ ಹಳೇ ಮನೆ ಕೆಡವಿ ಹೊಸದು ಕಟ್ಟಿದ್ದೇವೆ. ಸೂರು ಹೋದ ಮೇಲೆ ಬೀದಿಗೆ ನೆರಳೇ ಇಲ್ಲ. ಮೊದಲು ಎಷ್ಟೋ ಜನ ನಮ್ಮ ಗೋಡೆ ಪಕ್ಕದ ನೆರಳಲ್ಲೇ ನಡೆದು ಹೋಗುತ್ತಿದ್ದರು ಎಂದು ಅಜ್ಜಿ ಹೇಳುತ್ತಾಳೆ. ಆ ಜನಕ್ಕೆ ಈಗ ಬಿಸಿಲಾಗುತ್ತದೆ' ಎಂದು ಬರೆದಿದ್ದಳು. ಅವಳಿಗೆ ಏನೂ ಗೊತ್ತಿಲ್ಲ. ಎಂಟನೇ ತರಗತಿಯಲ್ಲಿ ನನಗೆ ಎಷ್ಟು ಗೊತ್ತಿತ್ತೋ ಅಷ್ಟೇ. ನಾನು ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದು, ಕೊನೆಗೆ ಮೇಷ್ಟ್ರ ಹಾಗೆಯೇ ಒಂದು ಗೆರೆ ಎಳೆದು, ಅಂಕ ಹಾಕದೆ ವಾಪಸು ಕೊಟ್ಟೆ. ಅವಳ ಮುಖ ಸಣ್ಣದಾಯಿತು. ಆದರೂ ಮಾರನೇ ದಿನ ಗೃಹಪ್ರವೇಶದ ಕಾರ್ಡು ಹಿಡಿದು ಬಂದು, 'ಅಮ್ಮನ್ನೂ ಕರ್ಕೊಂಡ್ ಬರ್ಬೇಕು ಮೇಡಂ. ನಮ್ಮಜ್ಜಿ ಏಳಿ ಕಳ್ಸವ್ರೆ' ಎಂದಳು.

ಅವ್ವ ಬರುವುದಿಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳೋ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿ, ಅದರ ಗಣಪತಿಯನ್ನು ಬೆರಳಲ್ಲಿ ಮುಟ್ಟಿ, 'ಕರ್ದವ್ರೆ ಅಂದ್ಮೇಲೆ ಓಗದೆ ಇರಕ್ಕಾಯ್ತದಾ? ಬತ್ತೀನಿ' ಅಂದಳು. ಪೆಟ್ಟಿಗೆಯ ತಳದಿಂದ ನೇರಳೆ ಬಣ್ಣದ ಸೀರೆ ತೆಗೆದಳು. ಮಂಡ್ಯದಿಂದ ನಾನು ತಂದುಕೊಟ್ಟ ಹೊಸ ಚಪ್ಪಲಿ ಹಾಕಿಕೊಂಡಳು.

ನನಗೆ ಒಳಗೊಳಗೇ ಒಂದು ಹಟ ಹುಟ್ಟಿತ್ತು. ಚಿಕ್ಕರಸಿನಕೆರೆ ಕಡೆಯ ಬಸ್ಸಿಗೆ ಹೋಗಿ ನಮ್ಮೂರಿಗೆ ದಾರಿ ಒಡೆಯುವ ಗೇಟಿನಲ್ಲಿ ಇಳಿದು, ನಡೆದು ಬೀದಿಯ ಬಾಯಿಗೆ ಬಂದಾಗ ಎಂಟೂವರೆ ಗಂಟೆ. ಕಾಂಕ್ರೀಟಿನ ರಸ್ತೆ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಹೆಂಚಿನ ಮನೆ ಅಲ್ಲೊಂದು ಇಲ್ಲೊಂದು, ಉಳಿದವೆಲ್ಲ ತಾರಸಿ. ಅವ್ವ ಚಪ್ಪಲಿ ಕಳಚಲಿಲ್ಲ, ಅಷ್ಟರ ಮಟ್ಟಿಗೆ ಕಾಲ ಬದಲಾಗಿದೆ. ಆದರೆ ಅವಳ ಕಾಲು ತಾನಾಗಿಯೇ ಮೂಡಲ ಗೋಡೆಯ ಕಡೆಗೆ ತಿರುಗಿತು. ನಾನು ಅವಳ ಮೊಣಕೈ ಹಿಡಿದು ನಡು ಬೀದಿಗೆ ಎಳೆದೆ.

'ಇಲ್ಲಿ ಬಾ ಅವ್ವ. ನಡುವೆ ನಡಿ.'

ಅವಳು ನನ್ನ ಮುಖ ನೋಡಿದಳು. ನನ್ನ ಪಕ್ಕಕ್ಕೆ ಬಂದು ನಡೆದಳು. ನಮ್ಮಿಬ್ಬರ ನೆರಳೂ ಉದ್ದಕ್ಕೆ ಪಡುವಲ ಮನೆಗಳ ಮೆಟ್ಟಿಲು ಹತ್ತಿ, ಗೇಟು ದಾಟಿ, ನಿಲ್ಲಿಸಿದ್ದ ಬೈಕುಗಳ ಮೇಲೆ ಹಾದು ಬಂತು. ಉಳಿದಿದ್ದ ಒಂದು ಹಳೆಯ ಜಗುಲಿಯ ಮೇಲೆ ಮುದುಕರೊಬ್ಬರು ಪೇಪರು ಓದುತ್ತಿದ್ದರು. ನೆರಳು ಅವರ ಪೇಪರಿನ ಮೇಲೂ ಹೋಯಿತು. ಅವರು ತಲೆ ಎತ್ತಿ, ಚೆನ್ನಾಗಿದೀರಾ ಎನ್ನುವ ಹಾಗೆ ಕತ್ತು ಆಡಿಸಿ ಮತ್ತೆ ಪೇಪರಿಗೆ ಇಳಿದರು. ನಾನು ಗೆದ್ದವಳ ಹಾಗೆ ನಡೆದೆ. ಬೀದಿ ಮುಗಿಯುವ ಹೊತ್ತಿಗೆ ಅವ್ವನ ಕುತ್ತಿಗೆಯಿಂದ ಬೆವರಿಳಿದು ರವಿಕೆ ಒದ್ದೆಯಾಗಿತ್ತು. ಅದನ್ನು ನಾನು ನೋಡಿದೆ, ನೋಡಿಯೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹೊಸ ಮನೆಯ ಬಾಗಿಲಲ್ಲಿ ಅವ್ವ ಒಂದು ಗಳಿಗೆ ನಿಂತಳು. ಹುಡುಗಿಯ ಅಜ್ಜಿ ಒಳಗಿನಿಂದಲೇ ಕೂಗಿದರು. 'ಯಾಕಲ್ಲೇ ನಿಂತ್ಕಂಡೆ? ಬಾ ಒಳಿಕೆ. ಫ್ಯಾನು ಇಲ್ಲಿ ಅದೆ, ಬಾ.' ಕೈ ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು. ಆಮೇಲೆ ಇಬ್ಬರೂ ಮಂಡಿನೋವಿನ ಮಾತು ಶುರುಮಾಡಿದರು. ಯಾವ ಎಣ್ಣೆ, ಎಷ್ಟು ಹೊತ್ತು ಉಜ್ಜಬೇಕು, ಯಾವ ಡಾಕ್ಟರು ದಂಡ. ಊಟಕ್ಕೂ ಅಕ್ಕಪಕ್ಕದ ಎಲೆಯಲ್ಲೇ ಕೂತರು. ಅಜ್ಜಿ ತಮ್ಮ ಎಲೆಯ ಹೋಳಿಗೆಯೊಂದನ್ನು, ನನಗೆ ಸಕ್ಕರೆ ಕಾಯಿಲೆ ಕಣಮ್ಮ ಎನ್ನುತ್ತ ಅವ್ವನ ಎಲೆಗೆ ಹಾಕಿದರು. ಅವ್ವ ಅದನ್ನು ತುಪ್ಪ ಕೇಳಿ ಹಾಕಿಸಿಕೊಂಡು ತಿಂದಳು. ನಾನು ಎದುರು ಸಾಲಿನಲ್ಲಿ ಕೂತು ಅವರನ್ನೇ ನೋಡುತ್ತಾ ಅರ್ಧ ಊಟ ಬಿಟ್ಟೆ.

ಹೊರಟಾಗ ಒಂದೂವರೆ. ಹುಡುಗಿ ಬೀದಿಯ ಕೊನೆಯವರೆಗೂ ಬರುತ್ತೇನೆಂದು ನಮ್ಮ ಜೊತೆ ಬರಿಗಾಲಲ್ಲೇ ಹೊರಟಳು. ಪೂಜೆಯ ಗಡಿಬಿಡಿಯಲ್ಲಿ ಚಪ್ಪಲಿ ಎಲ್ಲಿ ಹೋಗಿತ್ತೋ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಕಾಂಕ್ರೀಟಿನ ಕಾವಿಗೆ ಕುಣಿಯತೊಡಗಿದಳು. ಪಡುವಲ ಮನೆಗಳ ಗೋಡೆಯ ಬುಡದಲ್ಲಿ, ತಾರಸಿಯಿಂದ ಚಾಚಿದ ಸಜ್ಜೆಯ ನೆರಳು ಗೇಣಗಲ ಬಿದ್ದಿತ್ತು.

ಅವ್ವ ಅವಳ ರಟ್ಟೆ ಹಿಡಿದು ಎಳೆದಳು. 'ಈಚಿಗ್ ಬಾರವ್ವ. ಅಂಗಾಲು ಬೊಬ್ಬೆ ಬತ್ತವೆ. ಗೋಡೆ ಒತ್ಕಂಡು ನಡಿ.'

ಹುಡುಗಿ ಗೋಡೆ ಒತ್ತಿಕೊಂಡು ನಡೆದಳು. ಅವ್ವ ಅವಳ ಹೊರ ಮಗ್ಗುಲಲ್ಲಿ ನಡೆದಳು. ಅವಳ ಕೈ ಆ ಹುಡುಗಿಯ ರಟ್ಟೆಯನ್ನು ಹಿಡಿದಿದ್ದ ರೀತಿ, ಹೆಬ್ಬೆರಳು ಒಳಗೆ, ನಾಲ್ಕು ಬೆರಳು ಹೊರಗೆ, ನನ್ನ ರಟ್ಟೆಗೆ ಗೊತ್ತಿತ್ತು. ಬೀದಿ ಮುಗಿಯುವಲ್ಲಿ ಮರದ ಕೆಳಗೆ ನಿಂತು ಹುಡುಗಿ ಹೋಗ್ಬನ್ನಿ ಅಮ್ಮ ಎಂದಳು. ವಾಪಸು ಹೋಗುವಾಗ ತಾನಾಗಿಯೇ ಗೋಡೆ ಒತ್ತಿ ಹೋದಳು.

ಗೇಟಿನಲ್ಲಿ ಬಸ್ಸಿಗೆ ಕಾಯುತ್ತ ಕೂತೆವು. ಇಷ್ಟು ಕಾಲ ಬಾಯಿಗೆ ಬಾರದ ಮಾತು ಅವತ್ತು ನಿಲ್ಲಿಸಿದರೂ ನಿಲ್ಲಲಿಲ್ಲ.

'ಅವ್ವ, ಒಂದು ಕೇಳ್ತೀನಿ. ಆಗೆಲ್ಲ ನನ್ನ ನೆರಳಲ್ಲಿ ಕರ್ಕೊಂಡು ಹೋಗ್ತಿದ್ದೆಯಲ್ಲ. ಅದು ಹೆದರಿಕೆಗಾ? ಅವರ ಮೇಲೆ ನಮ್ಮ ನೆರಳು ಬಿದ್ದಾತು ಅಂತಲಾ?'

ಅವ್ವ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ನಾನು ಇಂದಲ್ಲ ನಾಳೆ ಇದನ್ನು ಕೇಳುತ್ತೇನೆ ಎಂದು ಅವಳಿಗೆ ಗೊತ್ತಿದ್ದ ಹಾಗಿತ್ತು.

'ಎದ್ರಿಕೆ ಇತ್ತು. ಇಲ್ದೆ ಏನು? ನಮ್ಮವ್ವ ನಂಗೆ ಅಂಗೇ ನಡ್ಯಕ್ಕೆ ಏಳ್ಕೊಟ್ಟಿದ್ಲು. ಬೆಳಿಗ್ಗೆ ಆ ಮಗ್ಲು, ಸಂದೇಲಿ ಈ ಮಗ್ಲು.'

ಇಷ್ಟು ವರ್ಷ ನಾನು ಹೆದರಿದ್ದು ಇದೇ ಮಾತಿಗೆ. ಅವಳು ಅಲ್ಲಿಗೆ ಬಿಡಲಿಲ್ಲ.

'ಬೆಳಿಗ್ಗೆ ನೀನು ನನ್ನ ಬಿಸ್ಲಲ್ಲಿ ಎಳ್ಕಂಡು ಓದೆಯಲ್ಲಮ್ಮಿ, ನಂಗೆ ಸೆಕೆ ಆಯ್ತಾ ಅಂತ ಕೇಳಿದ್ಯಾ? ನೀನ್ಯಾರಿಗ್ ಎದ್ರಿದ್ದೆ?'

ನಾನು ಬಸ್ಸು ಬರುವ ದಾರಿಯ ಕಡೆಗೆ ತಿರುಗಿದೆ.

'ಓದಿರೋಳು ನೀನು. ಒಂದು ಏಳು. ಸನಿವಾರ ಇಸ್ಕೂಲು ಬುಟ್ಟಾಗ ಆ ಬೀದೀಲಿ ನೆರಳು ಎಷ್ಟಿರದು?'

'ಒಂದು ಗೇಣು.'

'ಇಬ್ರು ಇಡಿಯೋದಾ?'

'ಇಲ್ಲ.'

'ಅದ್ರೊಳ್ಗೆ ಯಾರು ನಡೀತಿದ್ದೋರು?'

'ನಾನು.'

'ನಾನ್ ಎಲ್ಲಿದ್ದೆ?'

ಆ ಶನಿವಾರಗಳೆಲ್ಲ ಕಣ್ಣ ಮುಂದೆ ಬಂದವು. ಗೋಡೆಯ ಬುಡದಲ್ಲಿ ನಾನು. ನನ್ನ ಹೊರ ಮಗ್ಗುಲಲ್ಲಿ ಕೆಸರು ಒಣಗಿದ ಅವಳ ಕಾಲು, ಕೈಯಲ್ಲಿ ಅವಳ ಚಪ್ಪಲಿ, ಬೀದಿಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಅವಳ ನೆರಳು. ಆ ಹೊತ್ತಿನಲ್ಲಿ ಜಗುಲಿಯಿಂದ ಯಾರೋ ಗದರಿದ್ದೂ ನೆನಪಾಯಿತು. ನಾನದನ್ನು ನಾಯಿಗೆ ಗದರಿದ್ದು ಎಂದುಕೊಂಡಿದ್ದೆ.

'ಬಿಸಿಲಲ್ಲಿ' ಎಂದೆ.

'ಹೂಂ' ಎಂದು ಅವ್ವ ಎದ್ದು ನಿಂತಳು. ಬಸ್ಸು ಬರುತ್ತಿತ್ತು. 'ಓಗು, ಈಗ ಬರ್ಕೊ.'